ವಂದನಾರ್ಪಣೆ ಮಿಸ್

ನಮ್ಮ ಕಾಲೇಜಿನಲ್ಲಿ ನನಗೆ ಎರಡು ಹೆಸರು. ಒಂದು ಹಾಜರಿ ಪುಸ್ತಕದಲ್ಲಿದೆ. ಇನ್ನೊಂದು, ಹುಡುಗಿಯರು ಬೆನ್ನ ಹಿಂದೆ ಕರೆಯುವ 'ವಂದನಾರ್ಪಣೆ ಮಿಸ್'. ತಪ್ಪೇನಿಲ್ಲ ಬಿಡಿ. ಹಾಸನದ ಈ ಪುಟ್ಟ ಕ್ಯಾಥೊಲಿಕ್ ಕಾಲೇಜಿಗೆ ಕನ್ನಡ ಪಾಠಕ್ಕೆಂದು ಸೇರಿದ ವಾರವೇ ಪ್ರಿನ್ಸಿಪಾಲ್ ಸಿಸ್ಟರ್ ಕರೆದು, "ಮಿಸ್, ನಿಮ್ಮ ಕನ್ನಡ ಚೆನ್ನಾಗಿದೆ. ಶುಕ್ರವಾರ ವಂದನಾರ್ಪಣೆ ನೀವೇ ಮಾಡಿಬಿಡಿ" ಅಂದರು. ಅವತ್ತು ಹಿಡಿದ ಮೈಕು, ಇವತ್ತಿನವರೆಗೂ ಬೇರೆ ಯಾರೂ ಕೇಳಿಲ್ಲ.

ಈ ವಂದನಾರ್ಪಣೆ ಒಂದು ವಿಚಿತ್ರ ಕೆಲಸ. ಭಾಷಣ ಕೇಳುವ ಮೊದಲೇ ಅದು ಚೆನ್ನಾಗಿತ್ತು ಅಂತ ಬರೆದಿಟ್ಟುಕೊಳ್ಳಬೇಕು. 'ತಮ್ಮ ಅಮೂಲ್ಯ ಸಮಯವನ್ನು ಮೀಸಲಿಟ್ಟು, ಅರ್ಥಗರ್ಭಿತವಾಗಿ ಮಾತನಾಡಿದ' ಅಂತ ಹಿಂದಿನ ರಾತ್ರಿ ಅನ್ನಕ್ಕಿಟ್ಟು ಶುರು ಮಾಡಿದರೆ, ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಮುಗಿದಿರುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟರೆ ಅದೇ ಹಾಳೆ ರಕ್ತದಾನಕ್ಕೂ ಆಗುತ್ತದೆ, ಜಿಎಸ್‌ಟಿಗೂ ಆಗುತ್ತದೆ. ಒಮ್ಮೆ ಕರೆದ ಅತಿಥಿಗೆ ಜ್ವರ ಬಂದು, ಅವರ ಬದಲು ಬೇರೊಬ್ಬರು ಬಂದಿದ್ದರು. ನಾನು ಬಾರದವರಿಗೇ ಹೆಸರು ಹಿಡಿದು ವಂದಿಸಿ ಕೂತೆ. ಯಾರೂ ಗಮನಿಸಲಿಲ್ಲ. ಬಂದವರೂ ಗಮನಿಸಲಿಲ್ಲ, ಅವರು ಶಾಲು ಮಡಚುತ್ತಿದ್ದರು.

ಅತಿಥಿಗಳನ್ನು ಯಾಕೆ ಇಷ್ಟೊಂದು ಕರೆಸುತ್ತೇವೆ ಅಂತ ಕೇಳಬಹುದು. ಜ್ಞಾನಕ್ಕೆ ಅಂತ ಹೇಳುತ್ತೇವೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಅಂತ ಎಲ್ಲರಿಗೂ ಗೊತ್ತು. ಬ್ಯಾನರ್ ಪೂರ್ತಿ ಕಾಣುವ ಒಂದು ಜಿಯೋಟ್ಯಾಗ್ ಫೋಟೋ, ಹುಡುಗಿಯರ ಸಹಿ ಇರುವ ಹಾಳೆ, ಒಂದು ಪುಟದ ವರದಿ, ಇಷ್ಟು ಸಿಕ್ಕರೆ ಕಾರ್ಯಕ್ರಮ ಯಶಸ್ವಿ. ಫೋಟೋದಲ್ಲಿ ಸಭಾಂಗಣ ತುಂಬಿರಬೇಕು. ಅದಕ್ಕೆ ಬಿ.ಕಾಂ. ಹುಡುಗಿಯರೂ ಇತಿಹಾಸ ಕೇಳುತ್ತಾರೆ.

ಹೊಸಬರಿಗೆ ನಮ್ಮ ಕಾಲೇಜಿನ ಪದ್ಧತಿ ಗೊತ್ತಿರುವುದಿಲ್ಲ, ಪಾಪ. ಒಬ್ಬ ಬ್ಯಾಂಕ್ ಅಧಿಕಾರಿ ಉಳಿತಾಯದ ಬಗ್ಗೆ ಮಾತಾಡುತ್ತಿದ್ದಾಗ ಸರಿಯಾಗಿ 12 ಗಂಟೆಗೆ ಪಕ್ಕದ ಚರ್ಚಿನ ಗಂಟೆ ಬಾರಿಸಿತು. ಮುಂದಿನ ಸಾಲಿನ ಸಿಸ್ಟರ್‌ಗಳೆಲ್ಲ ಎದ್ದು ನಿಂತರು. ಅದು ಮಧ್ಯಾಹ್ನದ ಪ್ರಾರ್ಥನೆ, ಎರಡು ನಿಮಿಷದ್ದು. ಬ್ಯಾಂಕಿನವರಿಗೇನು ಗೊತ್ತು? ಮಾತು ಜಾಸ್ತಿಯಾಯಿತು, ಇವರೆಲ್ಲ ಹೊರಟರು ಅಂದುಕೊಂಡು "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಅಂದೇಬಿಟ್ಟರು. ಆವತ್ತು ಊಟ ಬೇಗ ಆಯಿತು. ಈ ಗುಟ್ಟನ್ನು ನಾವು ಯಾರಿಗೂ ಹೇಳಿಕೊಡುವುದಿಲ್ಲ.

ಮಧ್ಯಾಹ್ನದ ಮೇಲಿನ ಭಾಷಣಕ್ಕೆ ಬೇರೆಯದೇ ಗಡಿಯಾರ. ಅದು ಕೆಂಪು ಬಸ್ಸು. ನಮ್ಮ ಹುಡುಗಿಯರು ಆಲೂರು, ಅರಕಲಗೂಡು, ಗೊರೂರು ಕಡೆಯಿಂದ ಬರುವವರು. ಮೂರೂವರೆ ದಾಟಿತೋ, ಹಿಂದಿನ ಸಾಲಿನಿಂದ ಬ್ಯಾಗಿನ ಜಿಪ್ಪು ಎಳೆಯುವ ಸದ್ದು ಶುರು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಜೀರುಂಡೆ ಕೂಗಿದ ಹಾಗೆ ಸಭಾಂಗಣ ತುಂಬಾ. ಆ ಸದ್ದು ಅತಿಥಿಗೆ ಕೇಳುವುದಿಲ್ಲ, ನನಗೆ ಮಾತ್ರ ಕೇಳುತ್ತದೆ.

ಹೋದ ವರ್ಷ ಇತಿಹಾಸ ವಿಭಾಗದವರು ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆಸಿದ್ದರು. ಕೈಯಲ್ಲಿ ಚೀಟಿ ಇಲ್ಲ. ಹಾರವನ್ನು ತೆಗೆದು ಮೈಕಿನ ಕತ್ತಿಗೇ ಹಾಕಿ, ಮಾತು ಶುರು ಮಾಡಿದರು. ಅಬ್ಬೆ ದುಬೊಯ್ ಅನ್ನುವ ಫ್ರೆಂಚ್ ಪಾದ್ರಿಯ ಕತೆ. 1792ರಲ್ಲಿ ಇಂಡಿಯಾಕ್ಕೆ ಬಂದು, ಮೈಸೂರು ಸೀಮೆಯಲ್ಲಿ ಓಡಾಡಿ, ನಮ್ಮವರ ಹಾಗೆ ಉಟ್ಟು ತೊಟ್ಟು, ಸಿಡುಬಿನ ಲಸಿಕೆ ಹಾಕಿಸಿಕೊಳ್ಳಿ ಅಂತ ಜನರನ್ನು ಒಪ್ಪಿಸಿದವನು. ಇಲ್ಲಿಯವರ ಆಚಾರ ವಿಚಾರದ ಬಗ್ಗೆ ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚೂ ಆಯಿತು. "ಆದರೆ ಮಕ್ಕಳೇ, ಅದರಲ್ಲಿ ಬಹುಪಾಲು ಕೂರ್ದು ಅನ್ನುವ ಇನ್ನೊಬ್ಬ ಹಳೇ ಪಾದ್ರಿ ಬರೆದಿಟ್ಟಿದ್ದರಿಂದ ಎತ್ತಿದ್ದು ಅಂತ ಆಮೇಲೆ ವಿದ್ವಾಂಸರು ಪತ್ತೆ ಹಚ್ಚಿದರು" ಅಂದರು. ಅಸೈನ್‌ಮೆಂಟ್ ಕಾಪಿ ಹೊಡೆದು ನನ್ನಿಂದ ಬೈಸಿಕೊಂಡಿದ್ದ ಮೂವರು ಒಮ್ಮೆಲೇ ತಿರುಗಿ ನನ್ನನ್ನೇ ನೋಡಿದರು. ನಾನು ಫ್ಯಾನ್ ನೋಡಿದೆ.

ಅಲ್ಲಿಂದ ಮಾತು ಶೆಟ್ಟಿಹಳ್ಳಿ ಚರ್ಚಿಗೆ ಬಂತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿ ದಂಡೆಯಲ್ಲಿ ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತ ಜನ ಹೇಳುತ್ತಾರೆ. ಗೊರೂರು ಅಣೆಕಟ್ಟು 1979ರಲ್ಲಿ ಮುಗಿಯಿತು, ಹಿನ್ನೀರು ಬಂತು, ಊರವರು ಎದ್ದು ಹೋದರು. ಈಗ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿಂದ ಜೋಡಿಗಳು ಬರುತ್ತವೆ.

"ಪ್ರಶ್ನೆ ಇದ್ದರೆ ಕೇಳಿ" ಅಂದರು ಮೇಷ್ಟ್ರು. ಇದು ಎಲ್ಲರೂ ನೆಲ ನೋಡುವ ಹೊತ್ತು. ಅವತ್ತು ಮಾತ್ರ ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಎದ್ದಳು. ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದೆ ಕೈಯೆತ್ತುವವಳು.

"ಪ್ರಶ್ನೆ ಅಲ್ಲ ಸಾರ್. ನಮ್ಮಜ್ಜಿ ಮದುವೆ ಅದೇ ಚರ್ಚಲ್ಲಿ ಆಗಿದ್ದು."

ಮೇಷ್ಟ್ರು ವೇದಿಕೆಯ ಅಂಚಿಗೆ ಬಂದರು. "ಅಜ್ಜಿ ಈಗ ಹೋಗಿ ನೋಡ್ತಾರಾ ಮಗಾ?"

"ಮಳೆಗಾಲದಲ್ಲಿ ಹೋಗೋಣ ಅಂತಾರೆ ಸಾರ್. ಬೇಸಿಗೆಲಿ ಬರಲ್ಲ. ನೀರೊಳಗಿದ್ರೆ ಇದೆ ಅನ್ಸುತ್ತೆ, ನೀರಿಳಿದ್ರೆ ಬರೀ ಗೋಡೆ ಕಾಣುತ್ತೆ ಅಂತಾರೆ."

ಆಮೇಲೆ ಅವರಿಬ್ಬರದೇ ಮಾತು. ಅಜ್ಜಿ ಯಾವ ಬಾಗಿಲಿಂದ ಒಳಗೆ ಬಂದರು, ಮದುವೆ ಊಟಕ್ಕೆ ಏನು ಮಾಡಿದ್ದರು, ಹಳೇ ಮನೆಯ ಕದ ಈಗ ಎಲ್ಲಿದೆ. ಕದವನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಹೊಸ ಮನೆಗೆ ಕೂರಿಸಿದರಂತೆ. ಅಳತೆ ಸಾಲದೆ ಮೇಲೊಂದು ಹಲಗೆ ಹೊಡೆದಿದ್ದಾರಂತೆ. ನಾಲ್ಕು ಗಂಟೆಯಾಗಿತ್ತು. ಜಿಪ್ಪಿನ ಸದ್ದು ಇರಲಿಲ್ಲ.

ನಾನು ಹಾಳೆ ಹಿಡಿದು ಮೈಕಿನ ಮುಂದೆ ನಿಂತೆ. 'ಅರ್ಥಗರ್ಭಿತ'ದವರೆಗೆ ಬಂದು ಗಂಟಲು ಕಟ್ಟಿತು. ಹಾಳೆ ಮಡಚಿ, ಮೇಷ್ಟ್ರಿಗೆ ಒಂದು ವಂದನೆ, ಆ ಅಜ್ಜಿಗೆ ಒಂದು ವಂದನೆ ಅಂತ ಹೇಳಿ ಕೂತೆ. ಸೌಂಡ್ ಸಿಸ್ಟಮ್‌ನವನಿಗೆ ಹೇಳುವುದು ಮರೆತುಹೋಯಿತು. ಅವನು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಇಷ್ಟರಲ್ಲಿ ಗೊರೂರು ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸಿಗೆಂದು ಮೇಷ್ಟ್ರೇ ಆ ಹುಡುಗಿಯನ್ನೂ ಅವಳ ಗೆಳತಿಯರನ್ನೂ ತಮ್ಮ ಕಾರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟರು. ನಾವು ಕೊಟ್ಟಿದ್ದ ಹಣ್ಣಿನ ಬುಟ್ಟಿಯನ್ನು, "ಅಜ್ಜಿಗೆ ಕೊಡು" ಅಂತ ಅವಳ ಕೈಗೇ ಇಟ್ಟರಂತೆ.

ಮಾರನೇ ದಿನ ಕಾರಿಡಾರಿನಲ್ಲಿ ಸಿಕ್ಕಿದಾಗ ಕೇಳಿದೆ, "ಅಜ್ಜಿ ಏನಂದ್ರು?"

"ಸೇಬು ಹುಳಿ ಅಂದ್ರು ಮಿಸ್."