ಬನ್ನಿಗೂ ಉಬ್ಬೋಕೆ ಜಾಗ ಬೇಕು

ಹಾಸನದ ನಡುಮಧ್ಯ ಎದ್ದಿರುವ ಆ ಫ್ಲೆಕ್ಸನ್ನು ನೀವೂ ನೋಡಿರುತ್ತೀರಿ. ‘ನಗರದ ಹೃದಯಭಾಗದಲ್ಲಿ ಅತ್ಯಾಧುನಿಕ ಸ್ಟೂಡೆಂಟ್ ಲಿವಿಂಗ್’. ಗಾಜಿನ ಗೋಡೆ, ಬೀನ್ ಬ್ಯಾಗು, ಲ್ಯಾಪ್‌ಟಾಪ್ ನೋಡಿ ನಗುತ್ತಿರುವ ಮೂರು ಜನ. ಆ ಮೂವರೂ ನಮ್ಮೂರಿನವರಲ್ಲ. ಕಿಟಕಿಯಾಚೆ ಕಾಣುವ ಸಮುದ್ರವೂ ನಮ್ಮದಲ್ಲ.

ಅಕ್ಕನ ಮಗನಿಗೆ ಇಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಇಬ್ಬರೂ ರೂಮು ನೋಡಲು ಹೋದೆವು. ಮಾಲೀಕರು ಪ್ಲೈವುಡ್ ಬಾಗಿಲು ತಳ್ಳಿ, “ಫೋರ್ ಶೇರಿಂಗು ಸಾರ್, ಫುಲ್ ಮಾಡ್ರನ್” ಎಂದರು. ಹೆಜ್ಜೆ ಹಾಕಿ ಅಳೆದೆ. ಹತ್ತಡಿ, ಎಂಟಡಿ. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಕೊಡುವ ಕೋಣೆ ಕನಿಷ್ಠ 7.5 ಚದರ ಮೀಟರ್ ಇರಬೇಕು ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಇದೂ ಹೆಚ್ಚುಕಮ್ಮಿ ಅಷ್ಟೇ ಇದೆ. ಮಲಗೋರು ಮಾತ್ರ ನಾಲ್ಕು ಜನ.

“ಕಿಟಕಿ?”

“ಇತ್ತು ಸಾರ್. ಆಚೆ ಬಾಲ್ಕನೀನೂ ಒಂದು ರೂಮ್ ಮಾಡಿದ್ವಿ.”

ಬೇಲೂರಿನ ಗುಡಿ ನೆನಪಾಯ್ತು. 1117ರಲ್ಲಿ ಕಟ್ಟಿದಾಗ ಅದರ ಮಂಟಪ ತೆರೆದೇ ಇತ್ತು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಅದನ್ನು ಮುಚ್ಚಿದರು. ಮುಚ್ಚುವಾಗಲೂ ಕಲ್ಲು ಕೊರೆದು ಜಾಲಂದ್ರ ಇಟ್ಟರು. ಗಾಳಿ ಬೆಳಕು ಬರಲಿ ಅಂತ. ಪಾಪ, ಅವರಿಗೆ ತಗಡಿನ ಶೀಟು ಗೊತ್ತಿರಲಿಲ್ಲ.

ಕೆಳಗೆ ಬೇಕರಿ. “ಚಳಿಗಾಲದಲ್ಲಿ ಒಲೆ ಕಾವು ಮೇಲೇ ಬರುತ್ತೆ, ಹೀಟರ್ ಫ್ರೀ” ಎಂದರು ಮಾಲೀಕರು. ಬೆಂಗಳೂರಿನ ಬೀದಿ ಬೀದಿಯ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ನಮ್ಮ ಜಿಲ್ಲೆಯಲ್ಲಿ, ಅದು ನಮ್ಮ ಹೆಮ್ಮೆ. ಇಳಿದು ಬಂದಾಗ ಹುಡುಗನೊಬ್ಬ ಟ್ರೇನಲ್ಲಿ ಬನ್ನಿನ ಹಿಟ್ಟಿನ ಉಂಡೆ ಜೋಡಿಸುತ್ತಿದ್ದ. ಉಂಡೆ ಉಂಡೆಗೂ ನಡುವೆ ಎರಡು ಬೆರಳು ಬಿಡುತ್ತಿದ್ದ. ಯಾಕಪ್ಪಾ ಅಂದೆ. “ಉಬ್ಬೋಕೆ ಜಾಗ ಬೇಡ್ವಾ ಸಾರ್?” ಅಂದ. ಮಾಲೀಕರು ಡಿಸೈನ್ ಮಾಡಿಸಲು ಬೆಂಗಳೂರಿಗೆ ಹೋಗುವ ಮೊದಲು ಇವನನ್ನೊಮ್ಮೆ ಕೇಳಬೇಕಿತ್ತು.

ನಿಯಮಗಳ ಪಟ್ಟಿಯೂ ಇತ್ತು. ಹಾಸನಾಂಬೆ ದರ್ಶನದ ದಿನಗಳಲ್ಲಿ ರೂಮು ಖಾಲಿ ಮಾಡಬೇಕು, ಭಕ್ತರಿಗೆ ದಿನದ ಬಾಡಿಗೆಗೆ ಕೊಡುತ್ತಾರಂತೆ. ದೇವಿ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ, ಇವರು ಆಗ ಹುಡುಗರಿಗೆ ಬಾಗಿಲು ಹಾಕುತ್ತಾರೆ. ಬಾಡಿಗೆ ಮೇಲೆ ಜಿಎಸ್‌ಟಿ ಬೇರೆ ಕೇಳಿದರು. ತಿಂಗಳಿಗೆ 20,000 ರೂಪಾಯಿ ದಾಟದೆ, 90 ದಿನ ಬಿಡದೆ ಇದ್ದರೆ ಅದು ಬೇಡ ಅಂತ 2024ರಲ್ಲೇ ಆಗಿದೆ ಎಂದೆ. “ಹಾಗಾದ್ರೆ ಮೇಂಟೆನೆನ್ಸ್ ಅಂತ ಬರ್ಕೋತೀವಿ” ಎಂದರು.

ಇಷ್ಟಕ್ಕೆಲ್ಲ ನಗಬಹುದು. ಆದರೆ ಅರವತ್ತು ಹುಡುಗರಿಗೆ ಇರುವುದು ಒಂದೇ ಮೆಟ್ಟಿಲು. ಅದರ ಕೆಳಗೇ ಬೇಕರಿಯ ಸಿಲಿಂಡರ್‌ಗಳು. ರಾತ್ರಿ ಹತ್ತಕ್ಕೆ ಕಬ್ಬಿಣದ ಗೇಟಿಗೆ ಬೀಗ. ಬೀಗದ ಕೈ ಯಾರ ಹತ್ರ ಅಂದೆ. “ನನ್ನ ಹತ್ರಾನೇ ಸಾರ್, ಮನೇಲಿರುತ್ತೆ, ಸೇಫು.” ಮನೆ ಮೂರು ಕಿಲೋಮೀಟರ್ ದೂರ. ಬೆಂಕಿ ಬಿದ್ದರೆ ಏನ್ರೀ ಮಾಡ್ತಾರೆ ಈ ಮಕ್ಕಳು? ಫೋನ್ ಮಾಡಿ ಕಾಯ್ತಾರಾ? ಗಾಜು, ಲೈಟು, ಮುಂಭಾಗದ ಅಲಂಕಾರಕ್ಕೆ ದುಡ್ಡಿತ್ತು. ಹಿಂದೆ ಒಂದು ಕಬ್ಬಿಣದ ಏಣಿಗೆ ಇರಲಿಲ್ಲ. ಇದಕ್ಕೆಲ್ಲ ಯಾರೋ ಬಂದು ನೋಡಿ ಸಹಿ ಹಾಕಿರಬೇಕಲ್ವಾ?

ನಾನು ಕೂಗಾಡುತ್ತಿದ್ದೆ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಟಿಂಗ್ ಅಂದ ಸದ್ದು. ಅಳಿಯ ಅಡ್ವಾನ್ಸ್ ಕಳಿಸಿಬಿಟ್ಟಿದ್ದ.

“ಬೇರೆ ನಾಲ್ಕು ಕಡೆ ನೋಡಿದ್ವಲ್ಲ ಮಾವ, ಅಲ್ಲಿ ಇದೂ ಇಲ್ಲ” ಎಂದ. “ಮೇಲಿನ ಮಂಚ ಹಿಡಿದಿದೀನಿ. ಎಕ್ಸಾಸ್ಟ್ ಫ್ಯಾನಿನ ತೂತು ಅಲ್ಲೇ ಇದೆ.”