ಖಾತೆಯಲ್ಲಿರುವುದೆಲ್ಲ ನಮ್ಮ ದುಡ್ಡಲ್ಲ

ಲೆಕ್ಕ ಬರೆಯುವುದು ನನ್ನ ಕೆಲಸ. ಸಣ್ಣ ಉದ್ಯಮ ನಡೆಸುವವರ ಜಮಾ-ಖರ್ಚು, ತೆರಿಗೆ, ಸಂಬಳದ ಪಟ್ಟಿ ನೋಡಿಕೊಳ್ಳುತ್ತೇನೆ. ಈ ವಾರ ಅಂಥ ಒಬ್ಬರ ಫರ್ನಿಚರ್ ಘಟಕಕ್ಕೆ ಬೀಗ ಬಿತ್ತು. ಆರ್ಡರ್ ಇತ್ತು, ಕೈಕೆಲಸ ಬಲ್ಲವರಿದ್ದರು, ಹೋದ ವರ್ಷದ ಲೆಕ್ಕದಲ್ಲಿ ಲಾಭವೂ ಇತ್ತು. ಆದರೂ ಬೀಗ ಬಿತ್ತು. ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಆದದ್ದು ಇಷ್ಟೇ. ಬಿಲ್ಲಿನ ಜೊತೆ ಗಿರಾಕಿಗಳಿಂದ ವಸೂಲಿ ಮಾಡಿದ ತೆರಿಗೆಯಲ್ಲಿ ಅವರು ಮರ ತಂದರು. ಕೆಲಸಗಾರರ ಸಂಬಳದಲ್ಲಿ ಹಿಡಿದುಕೊಂಡ ತೆರಿಗೆಯಲ್ಲಿ ಮೆಷಿನ್ ಕಂತು ಕಟ್ಟಿದರು. ಮುಂದಿನ ತಿಂಗಳು ದೊಡ್ಡ ಪೇಮೆಂಟ್ ಬರುತ್ತದೆ, ಆಗ ತುಂಬಿದರಾಯಿತು ಅಂದುಕೊಂಡರು. ಆ ಪೇಮೆಂಟ್ ಬರಲಿಲ್ಲ. ಬಾಕಿಗೆ ಬಡ್ಡಿ ಸೇರಿತು, ಬಡ್ಡಿಯ ಜೊತೆ ದಂಡ ಸೇರಿತು. ಅವರು ಮೋಸಗಾರರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೈಗಡ ತಂದ ಹಾಗೆ ಅಂತ ತಿಳಿದಿದ್ದರು. ಆದರೆ ಕೈಗಡ ಕೊಟ್ಟವರಿಗೆ ತಾವು ಕೊಟ್ಟಿದ್ದೇವೆ ಅನ್ನುವುದು ಗೊತ್ತಿರುತ್ತದೆ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತೆರಿಗೆ ಜಾಸ್ತಿ, ಅದಕ್ಕೇ ಉದ್ಯಮ ಮುಳುಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ, ಎಷ್ಟೋ ಸಲ ಮುಳುಗಿಸುವುದು ತೆರಿಗೆಯ ಪ್ರಮಾಣವಲ್ಲ. ಬೇರೆಯವರ ದುಡ್ಡು ನಮ್ಮ ದುಡ್ಡಿನ ಜೊತೆ ಒಂದೇ ಖಾತೆಯಲ್ಲಿ ಕಲೆತು ಹೋಗುವುದು.

ವ್ಯಾಟ್ ಅನ್ನೇ ನೋಡಿ, ಅಂದರೆ ಮಾರಾಟದ ಪ್ರತಿ ಹಂತದಲ್ಲೂ ಬಿಲ್ಲಿನ ಜೊತೆ ವಸೂಲಿಯಾಗುವ ಮೌಲ್ಯವರ್ಧಿತ ತೆರಿಗೆ. 1954ರಲ್ಲಿ ಫ್ರಾನ್ಸ್‌ನ ತೆರಿಗೆ ಅಧಿಕಾರಿ ಮಾರಿಸ್ ಲೊರೆ ರೂಪಿಸಿದ ಪದ್ಧತಿ ಅದು. ಈಗ 170ಕ್ಕೂ ಹೆಚ್ಚು ದೇಶಗಳಲ್ಲಿ ಯಾವುದೋ ಒಂದು ಹೆಸರಿನಲ್ಲಿದೆ. ತೆರಿಗೆ ಕೊನೆಗೆ ಬೀಳುವುದು ವಸ್ತು ಬಳಸುವವರ ಮೇಲೆ. ಮಾರುವವರು ನಡುವೆ ನಿಂತು ವಸೂಲಿ ಮಾಡಿಕೊಡುತ್ತಾರೆ, ಅಷ್ಟೇ. ದರ ಶೇ. 10 ಅಂತಿಟ್ಟುಕೊಳ್ಳಿ. 60ಕ್ಕೆ ಕಚ್ಚಾ ಸಾಮಾನು ತಂದಾಗ 6 ತೆರಿಗೆ ಕೊಟ್ಟಿರಿ. 100ಕ್ಕೆ ಮಾರಿ 10 ವಸೂಲಿ ಮಾಡಿದಿರಿ. ಕೊಟ್ಟ 6 ಕಳೆದು ಉಳಿದ 4 ಸರ್ಕಾರಕ್ಕೆ ಸೇರಬೇಕು. ಆ 4 ಒಂದು ದಿನವೂ ನಿಮ್ಮ ಲಾಭ ಆಗಿರಲಿಲ್ಲ. ಬ್ಯಾಂಕಿನ ಮೆಸೇಜಿನಲ್ಲಿ ಮಾತ್ರ 110 ಬಂತು ಅಂತ ಇರುತ್ತದೆ. ಕಣ್ಣು ಮೋಸ ಹೋಗುವುದು ಅಲ್ಲೇ.

ಇನ್ನೊಂದು ಕಷ್ಟವಿದೆ, ಅದು ನಿಜವಾದ ಕಷ್ಟ. ಎಷ್ಟೋ ಕಡೆ ಬಿಲ್ ಬರೆದ ಕೂಡಲೇ ತೆರಿಗೆ ಕಟ್ಟುವ ಹೊಣೆ ಹುಟ್ಟುತ್ತದೆ. ಗಿರಾಕಿ ದುಡ್ಡು ಕೊಟ್ಟಿರಲಿ, ಬಿಡಲಿ. ಮೂರು ತಿಂಗಳು ಸತಾಯಿಸುವ ದೊಡ್ಡ ಕಂಪನಿಯ ಪರವಾಗಿ ಸಣ್ಣ ಉದ್ಯಮಿ ತನ್ನ ಕೈಯಿಂದ ತೆರಿಗೆ ತುಂಬಬೇಕಾಗುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕೆಲವು ದೇಶಗಳಲ್ಲಿ ಸಣ್ಣವರಿಗೆ ದುಡ್ಡು ಕೈಗೆ ಬಂದ ಮೇಲೆ ಕಟ್ಟುವ ಅವಕಾಶ ಇದೆ. ನಿಮಗೆ ಅದು ಸಿಗುತ್ತದೆಯೇ ಅಂತ ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಿ. ಎಷ್ಟೋ ಜನ ಕೇಳುವುದೇ ಇಲ್ಲ.

ಸಂಬಳದಲ್ಲಿ ಹಿಡಿಯುವ ತೆರಿಗೆಯದು ಇನ್ನೂ ಸೂಕ್ಷ್ಮ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಅಮೆರಿಕದಲ್ಲಿ 1943ರಲ್ಲಿ, ಬ್ರಿಟನ್ನಿನಲ್ಲಿ 1944ರಲ್ಲಿ, ಸಂಬಳ ಕೊಡುವವರೇ ಪ್ರತಿ ಸಲ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವ ಏರ್ಪಾಡು ದೊಡ್ಡ ಮಟ್ಟದಲ್ಲಿ ಬಂತು. ಹೀಗೆ ಹಿಡಿದ ಹಣವನ್ನು ಅಮೆರಿಕದ ಕಾನೂನು ಸರ್ಕಾರದ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡ ಹಣ ಅಂತಲೇ ನೋಡುತ್ತದೆ. ಅಲ್ಲಿ, ಕೆನಡಾದಲ್ಲಿ, ಆಸ್ಟ್ರೇಲಿಯಾದಲ್ಲಿ ಅದನ್ನು ಕಟ್ಟದಿದ್ದರೆ ಕಂಪನಿ ನಡೆಸುವವರ ಸ್ವಂತ ಆಸ್ತಿಗೂ ಕೈ ಹಾಕಬಹುದು. ಕಂಪನಿ ಬೇರೆ, ನಾನು ಬೇರೆ ಅನ್ನುವ ಮಾತು ಆಗ ನಡೆಯುವುದಿಲ್ಲ.

ಕೈ ಬಿಗಿಯಾದಾಗ ಯಾರಾದರೂ ಬಂದು ಒಂದು ಸಲಹೆ ಕೊಡುತ್ತಾರೆ. 'ಇವರನ್ನೆಲ್ಲ ನೌಕರರು ಅಂತ ಯಾಕೆ ತೋರಿಸುತ್ತೀರಿ? ಕಾಂಟ್ರಾಕ್ಟ್ ಮೇಲಿದ್ದಾರೆ ಅಂತ ಒಂದು ಕಾಗದ ಬರೆಸಿಕೊಳ್ಳಿ, ತಲೆನೋವೇ ಇಲ್ಲ.' ನನ್ನ ಗಿರಾಕಿಗೂ ಯಾರೋ ಇದನ್ನೇ ಹೇಳಿದ್ದರು. ದಯವಿಟ್ಟು ಆ ಮಾತು ಕೇಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರ ಶಿಫಾರಸಿನಲ್ಲೇ ಹೇಳಿದೆ, ನೋಡಬೇಕಾದದ್ದು ಕಾಗದದಲ್ಲಿ ಏನಿದೆ ಅಂತಲ್ಲ, ಕೆಲಸ ನಿಜವಾಗಿ ಹೇಗೆ ನಡೆಯುತ್ತಿದೆ ಅಂತ. ಯಾವಾಗ ಬರಬೇಕು, ಹೇಗೆ ಮಾಡಬೇಕು ಅಂತ ನೀವೇ ಹೇಳುತ್ತೀರಾ? ಉಪಕರಣ ನಿಮ್ಮದಾ? ಅವರ ಬದಲು ಬೇರೆಯವರು ಬಂದು ಮಾಡಿದರೆ ಒಪ್ಪುವುದಿಲ್ಲವಾ? ತಿಂಗಳು ತಿಂಗಳು ದುಡ್ಡು ಕೊಡುತ್ತೀರಾ? ಹಾಗಿದ್ದರೆ ಅವರು ನಿಮ್ಮ ನೌಕರರೇ, ಅಲ್ವಾ? 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಪ್ರಕರಣದಲ್ಲೂ ಕಾಗದಕ್ಕಿಂತ ವಾಸ್ತವವನ್ನೇ ಎತ್ತಿ ಹಿಡಿಯಿತು. ಚಾಲಕರಿಗೆ ಕನಿಷ್ಠ ವೇತನ, ಸಂಬಳದ ರಜೆಯ ಹಕ್ಕು ಇದೆ ಅಂತ ತೀರ್ಪು ಕೊಟ್ಟಿತು. ನಾಳೆ ಇಂಥ ತೀರ್ಪು ನಿಮ್ಮ ಮೇಲೆ ಬಂದರೆ ಹಳೆಯ ವರ್ಷಗಳ ಬಾಕಿಯೆಲ್ಲ ಒಟ್ಟಿಗೆ ಎದುರು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಷ್ಟ ನಿಮ್ಮದು, ಅದನ್ನು ನಿಮ್ಮಿಂದ ಸಂಬಳ ಪಡೆಯುವವರ ತಲೆಗೆ ದಾಟಿಸುವುದು ತಪ್ಪು.

ಪರಿಹಾರ ಏನೂ ದೊಡ್ಡದಲ್ಲ. ಇನ್ನೊಂದು ಬ್ಯಾಂಕ್ ಖಾತೆ ತೆರೆಯಿರಿ. ಬಿಲ್ಲಿನ ದುಡ್ಡು ಬಂದ ದಿನವೇ ತೆರಿಗೆಯ ಪಾಲು ಅಲ್ಲಿಗೆ ಹೋಗಲಿ. ಸಂಬಳ ಹಾಕಿದ ದಿನವೇ ಹಿಡಿದ ತೆರಿಗೆಯೂ ಹೋಗಲಿ. ತಿಂಗಳ ಕೊನೆಗೆ ಅಂತ ಕಾಯಬೇಡಿ, ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. ಮೊದಲ ಎರಡು ತಿಂಗಳು ಉಸಿರು ಕಟ್ಟಿದ ಹಾಗಾಗುತ್ತದೆ. ಆದರೆ ಉಳಿದ ಖಾತೆಯಲ್ಲಿ ಕಾಣುವುದು ನಿಮ್ಮ ನಿಜವಾದ ಸ್ಥಿತಿ. ಅದು ತೀರಾ ಕಡಿಮೆ ಇದ್ದರೆ ಬೆಲೆ ಏರಿಸಬೇಕೋ, ಬಾಕಿ ವಸೂಲಿಗೆ ಓಡಬೇಕೋ ಅಂತ ಆಗಲೇ ತಿಳಿಯುತ್ತದೆ, ಬೀಗ ಬೀಳುವ ದಿನವಲ್ಲ.

ಮತ್ತೊಂದು ಬಾಕಿ ಯಾವ ಖಾತೆಯಲ್ಲೂ ಕಾಣುವುದಿಲ್ಲ. ಅದು ಕೆಲಸಗಾರರು ಗಳಿಸಿ ಇನ್ನೂ ತೆಗೆದುಕೊಳ್ಳದ ಸಂಬಳದ ರಜೆ. ಮುಂದಿನ ವರ್ಷಕ್ಕೆ ಕೂಡುತ್ತಾ ಹೋಗುವ ರಜೆಯಾದರೆ, ಕೆಲಸ ಮಾಡಿದ ಹೊತ್ತಿಗೇ ಅದನ್ನು ಸಾಲ ಅಂತ ತೋರಿಸಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ಲೆಕ್ಕ ನಿಯಮ, ಐಎಎಸ್ 19. ಆ ಘಟಕದಲ್ಲಿ ಹನ್ನೊಂದು ಜನ ಇದ್ದರು. ಬೀಗ ಬಿದ್ದ ಮೇಲೆ ನಾನು ಕೂತು ಅವರ ಬಾಕಿ ರಜೆ ಕೂಡಿಸಿದೆ. 214 ದಿನ. ಮೊದಲ ಸಲ ಅದನ್ನು ಯಾರೋ ಲೆಕ್ಕ ಮಾಡಿದ್ದು ಅವತ್ತೇ. ನಿಮ್ಮಲ್ಲಿ ಎಷ್ಟು ದಿನ ಬಾಕಿ ಇದೆ ಅಂತ ಇವತ್ತೇ ಒಮ್ಮೆ ಕೂಡಿಸಿ ನೋಡಿ.