ಯುರೇನಿಯಂಗೂ ಒಂದು ಬಿಪಿಎಲ್ ಕಾರ್ಡ್

ಚಿತ್ರದುರ್ಗ ಜಿಲ್ಲೆಯಲ್ಲಿ ತಾನು ಬಡವ ಎಂದು ಸಾಬೀತು ಮಾಡುವುದು ಸುಲಭದ ಕೆಲಸವಲ್ಲ. ಏಳೂವರೆ ಎಕರೆಗಿಂತ ಜಾಸ್ತಿ ಜಮೀನು ಇರಬಾರದು. ವರ್ಷದ ಆದಾಯ 1 ಲಕ್ಷ 20 ಸಾವಿರ ದಾಟಬಾರದು. ಮನೆ ಮುಂದೆ ಸ್ವಂತ ಕಾರು ನಿಂತಿರಬಾರದು. ಚಳ್ಳಕೆರೆ ಕಡೆ ಎಂಟು ಎಕರೆ ಇದ್ದವನೂ ಶೇಂಗಾ ಬಿತ್ತಿ, ಮಳೆ ಕೈಕೊಟ್ಟು, ಬೀಜದ ದುಡ್ಡೂ ಹುಟ್ಟದೆ ಕೂತಿರುತ್ತಾನೆ. ಅದು ಬೇರೆ ಮಾತು. ಕಾರ್ಡ್ ಕೊಡುವವರು ನೋಡುವುದು ಪಹಣಿಯನ್ನು, ಮುಖವನ್ನಲ್ಲ.

ಇಷ್ಟೆಲ್ಲ ಕಟ್ಟುನಿಟ್ಟಿದ್ದರೂ ಕಾರಿನಲ್ಲಿ ಬಂದು ಅನ್ನಭಾಗ್ಯದ ಅಕ್ಕಿ ಒಯ್ಯುವವರು ಇದ್ದೇ ಇದ್ದಾರೆ. ಅವರನ್ನು ಕಂಡು ನಾವು ಮೂಗಿನ ಮೇಲೆ ಬೆರಳಿಡುತ್ತೇವೆ. ಪಾಪ, ಈ ವಿದ್ಯೆಯಲ್ಲಿ ನಮ್ಮವರು ಇನ್ನೂ ಒಂದನೇ ಕ್ಲಾಸು. ಪಿಎಚ್‌ಡಿ ಮಾಡಿರುವುದು ಅಮೆರಿಕದ ಯುರೇನಿಯಂ.

ಸ್ವಲ್ಪ ಹಿನ್ನೆಲೆ ಬೇಕು. ಗಣಿಯಿಂದ ಬಂದ ನೂರು ಕೆಜಿ ಯುರೇನಿಯಂನಲ್ಲಿ ರಿಯಾಕ್ಟರಿಗೆ ಬೇಕಾದ 235 ಸಂಖ್ಯೆಯದು ಇರುವುದು ಮುಕ್ಕಾಲು ಕೆಜಿಗೂ ಕಮ್ಮಿ. ಅದನ್ನು ಶೇ. 3ರಿಂದ 5ಕ್ಕೆ ಏರಿಸಿದರೆ ಹೆಚ್ಚಿನ ವಿದ್ಯುತ್ ಸ್ಥಾವರಗಳಿಗೆ ಸಾಕು. ಶೇ. 90ಕ್ಕೆ ಏರಿಸಿದರೆ ಬಾಂಬು. ಹೀಗೆ ಏರಿಸುವುದಕ್ಕೆ ಪುಷ್ಟೀಕರಣ ಎನ್ನುತ್ತಾರೆ. ಒಂದು ಕೆಜಿ ಪುಷ್ಟ ಯುರೇನಿಯಂ ತೆಗೆದರೆ ಏಳೆಂಟು ಕೆಜಿ ಬಡಕಲು ಯುರೇನಿಯಂ ಹಿಂದೆ ಉಳಿಯುತ್ತದೆ. ಟೆನೆಸಿಯ ಓಕ್ ರಿಡ್ಜ್, ಕೆಂಟಕಿಯ ಪಡೂಕಾ, ಒಹಾಯೊದ ಪೈಕ್‌ಟನ್ ಎಂಬ ಮೂರು ಜಾಗಗಳಲ್ಲಿ ಅಮೆರಿಕ ದಶಕಗಟ್ಟಲೆ ಈ ಕೆಲಸ ಮಾಡಿತು. ಪುಷ್ಟವಾದದ್ದು ಬಾಂಬಿಗೂ ಕರೆಂಟಿಗೂ ಹೋಯಿತು. ಬಡಕಲಾದದ್ದು 60 ಸಾವಿರಕ್ಕೂ ಹೆಚ್ಚು ಉಕ್ಕಿನ ಸಿಲಿಂಡರುಗಳಲ್ಲಿ ಕೂತಿತು. ಒಟ್ಟು ಸುಮಾರು 7 ಲಕ್ಷ ಟನ್. ಬಯಲಲ್ಲಿ, ಮಳೆ ಬಿಸಿಲಿಗೆ, ಒಂದರ ಮೇಲೊಂದು.

ಬಹಳ ವರ್ಷ ಇದನ್ನು ಕಸ ಎಂದು ಯಾರೂ ಕರೆಯಲೇ ಇಲ್ಲ. ಮುಂದೆ ಯಾವತ್ತೋ ಉಪಯೋಗಕ್ಕೆ ಬಂದೀತು ಎನ್ನುತ್ತಿದ್ದರು. ನಮ್ಮ ಸರ್ಕಾರಿ ಕಚೇರಿಗಳ ಹಿಂದೆ ನಿಂತು ತುಕ್ಕು ಹಿಡಿಯುವ ಜೀಪುಗಳೂ ದಾಖಲೆಯಲ್ಲಿ ಆಸ್ತಿಯೇ ಅಲ್ವಾ? ಕೊನೆಗೂ ಕಸ ಎಂದು ಒಪ್ಪಿಕೊಳ್ಳುವ ದಿನ ಬಂದಾಗ ಇನ್ನೊಂದು ಪ್ರಶ್ನೆ ಎದ್ದಿತು. ಯಾವ ದರ್ಜೆಯ ಕಸ?

ನಮ್ಮ ತಾಲ್ಲೂಕು ಕಚೇರಿಯ ಕೌಂಟರ್ ನೆನಪಿಸಿಕೊಳ್ಳಿ. ಆಧಾರ್ ಜೆರಾಕ್ಸ್ ಹಿಡಿದ ಹೆಂಗಸರ ಸಾಲಿನಲ್ಲಿ ಹನ್ನೆರಡು ಟನ್ ತೂಕದ ಸಿಲಿಂಡರ್ ಒಂದು ಬಂದು ನಿಲ್ಲುತ್ತದೆ. ಗುಮಾಸ್ತರು ತಲೆ ಎತ್ತುವುದಿಲ್ಲ.

"ಹೆಸರು?"

"ಬಡಕಲು ಯುರೇನಿಯಂ, ಸಾರ್."

"ವಯಸ್ಸು?"

"ಅರ್ಧ ಆಯಸ್ಸೇ 447 ಕೋಟಿ ವರ್ಷ ಸಾರ್."

"ವೃದ್ಧಾಪ್ಯ ವೇತನ ಪಕ್ಕದ ಕೌಂಟರ್. ಜಮೀನು ಎಷ್ಟಿದೆ?"

"ಪೈಕ್‌ಟನ್ ಹತ್ರ 3,700 ಎಕರೆ. ಆದ್ರೆ ನನ್ನ ಹೆಸರಲ್ಲಿಲ್ಲ. ಇಂಧನ ಇಲಾಖೆ ಹೆಸರಲ್ಲಿದೆ."

"ಪಹಣಿಯಲ್ಲಿ ನಿಮ್ಮ ಹೆಸರಿಲ್ಲ ಅಂದ್ಮೇಲೆ ಜಮೀನಿಲ್ಲ. ಗಾಡಿ?"

"ಗಾಡಿ ಯಾತಕ್ಕೆ ಸಾರ್? ಇಟ್ಟ ಜಾಗ ಬಿಟ್ಟು ಎಲ್ಲಿಗೂ ಹೋಗಿಲ್ಲ."

"ಆದಾಯ?"

"ಸದ್ಯಕ್ಕೆ ಕಮ್ಮಿ. ಇನ್ನು 20 ಲಕ್ಷ ವರ್ಷ ಏರ್ತಾನೇ ಹೋಗುತ್ತೆ ಅಂತಾರೆ."

"ಮುಂದಿನದು ಫಾರಂನಲ್ಲಿ ಕೇಳಿಲ್ಲ. ಈ ವರ್ಷದ್ದು ಹೇಳ್ರೀ."

"ಈ ವರ್ಷ ಕಮ್ಮಿ ಸಾರ್."

ಠಪ್ ಅಂತ ಸೀಲು ಬಿತ್ತು.

ಕೌಂಟರ್ ನನ್ನದು. ಸೀಲು ಮಾತ್ರ ನಿಜ. 2005ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಪುಷ್ಟೀಕರಣ ಕಾರ್ಖಾನೆಯ ಬಡಕಲು ಯುರೇನಿಯಂ ಕೆಳಮಟ್ಟದ ತ್ಯಾಜ್ಯ ಎಂದು ತೀರ್ಮಾನಿಸಿತು. ಅದರಲ್ಲೂ ಎ ಕ್ಲಾಸ್. ಅಲ್ಲಿ ಎ ಕ್ಲಾಸ್ ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ನೂರು ವರ್ಷ ಕಳೆದರೆ ತಂಟೆ ಮಾಡದ ಸಾಧು ಕಸಕ್ಕೆ ಇಟ್ಟ ಜಾಗ. ಬೇರೆ ವಿಕಿರಣದ ಕಸ ದಿನ ಕಳೆದ ಹಾಗೆ ತಣ್ಣಗಾಗುತ್ತದೆ. ಇದು ಉಲ್ಟಾ. ಒಳಗೆ ರೇಡಿಯಂ, ರೇಡಾನ್ ಎಂದು ಮಕ್ಕಳು ಮೊಮ್ಮಕ್ಕಳು ಹುಟ್ಟುತ್ತಾ ಲಕ್ಷಾಂತರ ವರ್ಷ ಇದರ ವಿಕಿರಣ ಏರುತ್ತಲೇ ಹೋಗುತ್ತದೆ. ಹಾಗಾದರೆ ಎ ಕ್ಲಾಸ್ ಯಾಕೆ? 1982ರಲ್ಲಿ ನಿಯಮ ಬರೆದವರು ಇಷ್ಟು ರಾಶಿ ಬಡಕಲು ಯುರೇನಿಯಂ ಕಸದ ಗುಂಡಿಗೆ ಬರುತ್ತದೆ ಎಂದು ಎಣಿಸಿರಲೇ ಇಲ್ಲ. ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದೆಲ್ಲ ತಾನಾಗಿಯೇ ಎ ಕ್ಲಾಸಿಗೆ ಬೀಳುತ್ತದೆ. ಆಮೇಲೆ ಅದೇ ಆಯೋಗ ನಿಯಮ ತಿದ್ದಲು ಕೂತಿತು. ಕೂತೇ ಇತ್ತು, ವರ್ಷಗಟ್ಟಲೆ.

ನಮ್ಮ ದುರ್ಗದ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅವೂ ಈ ಯುರೇನಿಯಂನ ಅರ್ಧ ಆಯಸ್ಸು, ಅಂದರೆ ಇದ್ದದ್ದರಲ್ಲಿ ಅರ್ಧ ಸವೆಯಲು ಬೇಕಾದ ಕಾಲ, ಇನ್ನೂ ಮುಟ್ಟಿಲ್ಲ. ಇಷ್ಟು ಬಾಳುವ ವಸ್ತುವನ್ನು ನೂರು ವರ್ಷದ ಲೆಕ್ಕದಲ್ಲಿ ಬರೆದುಕೊಳ್ಳಲು ಎದೆಗಾರಿಕೆ ಬೇಕು. ಅಥವಾ ವರ್ಗಾವಣೆ ಹತ್ತಿರ ಇರಬೇಕು.

ಇನ್ನು ಆ ಸಿಲಿಂಡರುಗಳ ಸಂಸಾರ. ಒಳಗಿರುವುದು ಯುರೇನಿಯಂ ಹೆಕ್ಸಾಫ್ಲೋರೈಡ್. ಗಾಳಿಯ ತೇವ ತಾಗಿದರೆ ಸಾಕು, ಮೂಳೆಯನ್ನೂ ಬಿಡದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. 1990ರಲ್ಲಿ ಪೈಕ್‌ಟನ್‌ನ ಅಂಗಳ ತಪಾಸಣೆ ಮಾಡುವಾಗ ಎರಡು ಸಿಲಿಂಡರು ತೂತಾಗಿರುವುದು ಕಂಡಿತು. ಪೇರಿಸಿಡುವಾಗ ಪಕ್ಕದ ಸಿಲಿಂಡರಿನ ಎತ್ತುವ ಕಿವಿ ತಾಗಿ ಆದ ಪೆಟ್ಟು. ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಳಗಿನ ವಸ್ತು ತೇವದ ಜೊತೆ ಸೇರಿ ಗಟ್ಟಿಯಾಗಿ ತೂತಿಗೆ ತಾನೇ ಬಿರಡೆ ಹಾಕಿಕೊಂಡಿತ್ತು. ಇಡೀ ವ್ಯವಸ್ಥೆಯಲ್ಲಿ ಯಾರೂ ಹೇಳದೆ ತನ್ನ ಕೆಲಸ ತಾನು ಮಾಡಿದ್ದು ಕಸ ಒಂದೇ. ಅದಕ್ಕೆ ರಾಜ್ಯೋತ್ಸವ ಪ್ರಶಸ್ತಿ ಕೊಡಬಹುದಿತ್ತು.

ಆಮೇಲೆ ಇದನ್ನು ಕಮ್ಮಿ ಅಪಾಯದ ಪುಡಿಯಾಗಿ ಮಾಡಲು ಪಡೂಕಾದಲ್ಲೂ ಪೈಕ್‌ಟನ್‌ನಲ್ಲೂ ಹೊಸ ಕಾರ್ಖಾನೆ ಕಟ್ಟಿದರು. ಕೆಲಸ ಒಳ್ಳೆಯದೇ, ಸುಮ್ನೆ ನಗಬಾರದು. ಆದರೆ ಪುಡಿ ಎಲ್ಲಿ ತುಂಬುತ್ತಾರೆ ಅಂದುಕೊಂಡಿರಿ? ಖಾಲಿಯಾದ ಅದೇ ಹಳೇ ಸಿಲಿಂಡರಿಗೆ. ಒಂದು ಕಾರ್ಖಾನೆ ಮುಚ್ಚಲು ಇನ್ನೊಂದು ಕಾರ್ಖಾನೆ ತೆರೆಯಬೇಕು, ಅದೂ ದಶಕಗಟ್ಟಲೆ ನಡೆಯಬೇಕು. ಅದನ್ನು ಮುಚ್ಚುವ ಕಾಲಕ್ಕೆ ಯಾವ ಕಾರ್ಖಾನೆ ತೆರೆಯುತ್ತಾರೋ.

ಪೈಕ್‌ಟನ್ ಕಾರ್ಖಾನೆ ಪುಷ್ಟೀಕರಣ ನಿಲ್ಲಿಸಿದ್ದು 2001ರಲ್ಲಿ. ಅದರ ಮೂರು ದೈತ್ಯ ಕಟ್ಟಡಗಳಲ್ಲಿ ಮೊದಲನೆಯದನ್ನು ಕೆಡವಲು ಶುರು ಮಾಡಿದ್ದು 2021ರಲ್ಲಿ. ನಡುವೆ ಇಪ್ಪತ್ತು ವರ್ಷ. ಕೆಡವಿದ್ದರಲ್ಲಿ ಬಹುಪಾಲು ಅದೇ ಆವರಣದಲ್ಲಿ ತೋಡಿದ ದೊಡ್ಡ ಗುಂಡಿಗೆ ಹೋಗುತ್ತದೆ. ನಮ್ಮೂರ ಪಕ್ಕ ಬೇಡ ಎಂದು ಊರಿನವರು ಕೂಗಿಕೊಂಡರು. ಕೂಗು ಕಡತಕ್ಕೆ ಸೇರಿತು, ಕಸ ಗುಂಡಿಗೆ ಸೇರಿತು.

ಅಲ್ಲೊಂದು ಮಾಧ್ಯಮಿಕ ಶಾಲೆ ಇತ್ತು. ಅದರ ಎದುರು ಗಾಳಿ ಪರೀಕ್ಷೆಯ ಯಂತ್ರ. 2017ರಲ್ಲಿ ಆ ಯಂತ್ರದಲ್ಲಿ ನೆಪ್ಚೂನಿಯಂ ಎಂಬ ವಿಕಿರಣ ವಸ್ತು ಸಿಕ್ಕಿತು. ಯುರೇನಿಯಂ ಕಾರ್ಖಾನೆಗೆ ನೆಪ್ಚೂನಿಯಂ ಎಲ್ಲಿಂದ ಬಂತು ಅಂದರೆ, ರಿಯಾಕ್ಟರಿನಲ್ಲಿ ಒಮ್ಮೆ ಉರಿದ ಯುರೇನಿಯಂ ಅನ್ನೂ ತಂದು ಇಲ್ಲಿ ಹಾಕುತ್ತಿದ್ದರು. ಶಾಲೆಯ ಆಡಳಿತಕ್ಕೆ ವಿಷಯ ತಿಳಿದದ್ದು 2019ರಲ್ಲಿ. ಮಟ್ಟ ತೀರಾ ಕಡಿಮೆ, ಆರೋಗ್ಯಕ್ಕೆ ಅಪಾಯವಿಲ್ಲ ಎಂದು ಇಂಧನ ಇಲಾಖೆ ಹೇಳಿತು. ಇಲಾಖೆಯ ಲೆಕ್ಕ ಸರಿಯೇ ಇರಬಹುದು. ಆದರೆ ಎರಡು ವರ್ಷ ತಡವಾಗಿ ಬಂದ ಸಮಾಧಾನವನ್ನು ಯಾವ ತಾಯಿ ನಂಬುತ್ತಾಳೆ? ಆ ವರ್ಷದ ಮೇ ತಿಂಗಳಲ್ಲಿ ಶಾಲೆ ಮುಚ್ಚಿತು. ಶಾಲೆ ಮುಚ್ಚಲು ಇಪ್ಪತ್ತು ವರ್ಷ ಬೇಕಾಗಲಿಲ್ಲ.

ಒಹಾಯೊದ ಗೋಳು ಚಳ್ಳಕೆರೆಯವರಿಗೆ ಯಾಕೆ ಎನ್ನಬೇಡಿ. ನಮ್ಮ ಅಮೃತ್ ಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಹುಲ್ಲುಗಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಿಕೆ ಆಯಿತಲ್ಲ, ಅದರಲ್ಲಿ ಉಳ್ಳಾರ್ತಿ, ಕುದಾಪುರ ಸೇರಿ 1,800 ಎಕರೆಯಷ್ಟು ಹೋದದ್ದು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ಯೋಜನೆ ಪುಷ್ಟೀಕರಣದ್ದೇ. ಈಗಿನ ಸೆಂಟ್ರಿಫ್ಯೂಜ್ ಯಂತ್ರಗಳಿಗೆ ಅಮೆರಿಕದ ಹಳೆಯ ಕಾರ್ಖಾನೆಯಷ್ಟು ಜಾಗವೂ ಬೇಡ, ಕರೆಂಟೂ ಬೇಡ. ಆದರೆ ಒಂದು ಕೆಜಿ ಪುಷ್ಟವಾದರೆ ಉಳಿದ ಕೆಜಿಗಳು ಬಡಕಲಾಗುವುದು ಯಂತ್ರ ಬದಲಾದರೂ ಬದಲಾಗುವುದಿಲ್ಲ.

ಆ ಕಡೆ ಕುರಿ ಮೇಯಿಸುವ ಅಜ್ಜನೊಬ್ಬ ಕಾಂಪೌಂಡ್ ಪಕ್ಕ ಕಂಬಳಿ ಹಾಸಿ ಕೂತಿದ್ದ. ಒಳಗೆ ಏನು ಮಾಡ್ತಾರೆ ಅಜ್ಜ ಎಂದೆ.

"ನಂಗೇನ್ ಗೊತ್ತಪ್ಪ. ಹುಲ್ಲು ಮಾತ್ರ ಒಳಗೆ ಎದೆಮಟ್ಟ ಬೆಳ್ದೈತೆ. ಮೇಯಾಕೆ ಯಾರೂ ಇಲ್ಲ."

"ಮುಂದೆ ಒಂದಿನ ಮುಚ್ಚಿದಾಗ ಏನ್ ಮಾಡ್ತಾರಂತೆ?"

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮುಚ್ಚಾಕೆ ಅಂತ ಯಾರಾರಾ ಕಟ್ತಾರೇನಪ್ಪ?"

ಅಮೆರಿಕಕ್ಕೂ ಈ ಜ್ಞಾನೋದಯ ತಡವಾಗಿಯೇ ಆಯಿತು. ಓಕ್ ರಿಡ್ಜ್‌ನ ಮೈಲುದ್ದದ ಕಟ್ಟಡ ಎದ್ದದ್ದು 1945ರಲ್ಲಿ. ಇಂಥವನ್ನು ಕೆಡವಿ ತೊಳೆಯಲು ಬೇರೆ ನಿಧಿ ಬೇಕು ಎಂದು ಕಾನೂನು ಬಂದದ್ದು 1992ರಲ್ಲಿ. ಆ ಕಟ್ಟಡ ಪೂರ್ತಿ ನೆಲಕ್ಕೆ ಬಿದ್ದದ್ದು 2013ರಲ್ಲಿ. ಕಟ್ಟುವಾಗ ಯುದ್ಧದ ಅವಸರ ಇತ್ತು. ಕೆಡವುವಾಗ ಯಾವ ಶತ್ರುವೂ ಬಾಗಿಲಲ್ಲಿ ನಿಂತಿರಲಿಲ್ಲ.

ನಮ್ಮಲ್ಲಿ ಕೈಗಾದಂಥ ಸ್ಥಾವರಗಳ ಕರೆಂಟಿನ ಮೇಲೆ, ಮುಂದೆ ಮುಚ್ಚುವ ಖರ್ಚಿಗೆ ಎಂದು ಯೂನಿಟ್ಟಿಗೆ 2 ಪೈಸೆ ತೆಗೆದಿಡುತ್ತಾರೆ. ಆ ಹುಂಡಿ ಎಷ್ಟು ಭಾರ ಎಂದು ಯಾರು ಬೇಕಾದರೂ ಕೇಳಬಹುದು. ಪುಷ್ಟೀಕರಣ ಕಾರ್ಖಾನೆ ಕರೆಂಟ್ ಮಾರುವುದಿಲ್ಲ. ಅದರ ಬಿಲ್ಲು ಯಾರ ಮನೆಗೂ ಬರುವುದಿಲ್ಲ. ಅಲ್ಲಿ ಪೈಸೆ ಎತ್ತಿಡುವವರು ಯಾರು, ಇಡುವ ಡಬ್ಬಿ ಯಾವುದು?

ಇದನ್ನೇ ಗ್ರಾಮಸಭೆಯಲ್ಲಿ ಕೇಳಿ ನೋಡಿದೆ. ಮುಂದಿನ ಸಾಲಿನ ಸದಸ್ಯರೊಬ್ಬರಿಗೆ ಬೇಜಾರಾಯಿತು. "ಒಳ್ಳೇ ಕೆಲಸದ ಹೊತ್ತಲ್ಲಿ ಮುಚ್ಚೋ ಮಾತು ಯಾಕ್ರೀ ಆಡ್ತೀರಿ? ಅದು ಮೇಲಿನವರು ನೋಡ್ಕೋತಾರೆ, ಬಿಡ್ರಿ" ಎಂದರು. ಎಲ್ಲರೂ ತಲೆ ಆಡಿಸಿದರು. ಆಮೇಲೆ ಹಸಿ ಕಸಕ್ಕೆ ಯಾವ ಬಣ್ಣದ ಬಕೆಟ್, ಒಣ ಕಸಕ್ಕೆ ಯಾವ ಬಣ್ಣದ ಬಕೆಟ್ ಎನ್ನುವ ವಿಷಯಕ್ಕೆ ಸಭೆಯಲ್ಲಿ ಮಧ್ಯಾಹ್ನದ ಊಟದವರೆಗೂ ಜಗಳ ನಡೆಯಿತು.